ಬೆನ್ನ ಮೇಲಿನ ಬಿಸಿಲು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಹಿರೇಕಟ್ಟಿನ ಉಪ್ಪಿನ ಆಗರದಲ್ಲಿ ಹೊಳೆಯ ಕಡೆಯ ಹಲಗೆ ಬಾಗಿಲನ್ನು ಎತ್ತಿ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡಾಗಿತ್ತು. ಕೆರೆಯಂಥ ಮೊದಲ ಪಾತಿಯಲ್ಲಿ ನೀರು ಕೆಲವು ದಿನ ಸುಮ್ಮನೆ ನಿಂತು, ಅಲ್ಲಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹರಿದು, ಹೋದಲ್ಲೆಲ್ಲ ಒಂದಿಷ್ಟು ದಪ್ಪವಾಗುತ್ತ, ಕೊನೆಯ ಸಣ್ಣ ಪಾತಿಗಳಿಗೆ ಬರುವಷ್ಟರಲ್ಲಿ ಎಣ್ಣೆಯ ಹಾಗೆ ಮಂದವಾಗಿತ್ತು. ಅದರ ಮೇಲೆ ಕೆನೆಗಟ್ಟಿದಂತೆ ಉಪ್ಪು ಕಟ್ಟತೊಡಗಿತ್ತು. ಹೆಂಗಸರೂ ಗಂಡಸರೂ ಬಟ್ಟೆ ಎತ್ತಿ ಕಟ್ಟಿ, ಉದ್ದನೆಯ ಕೋಲಿಗೆ ಹಲಗೆ ಬಡಿದ ಗೋರೆಯಿಂದ ಉಪ್ಪನ್ನು ಎಳೆದೆಳೆದು ಒಡ್ಡಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಆಗರದಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ನೀರಿನಿಂದಲೂ ಏಳುತ್ತದೆ, ಉಪ್ಪಿನ ಗುಡ್ಡೆಯಿಂದಲೂ ಹೊಡೆಯುತ್ತದೆ. ತಲೆಗೆ ಬಟ್ಟೆ ಸುತ್ತಿಕೊಂಡರೂ ಗಲ್ಲದ ಅಡಿ ಸುಡುತ್ತದೆ.

ಒಡ್ಡಿನ ತುದಿಯಲ್ಲಿ, ಹಿಂದೆ ಗೋಣಿಚೀಲ ತುಂಬಿಡುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಸರಕಾರದ ಚರ್ಮ ಪರೀಕ್ಷೆಯ ಕೇಂದ್ರ ಇತ್ತು. ಒಳಗೆ ಒಂದು ಮೇಜು, ಒಂದು ಫ್ರೀಜರ್, ಹೊಲಿಗೆ ಯಂತ್ರದಷ್ಟು ದೊಡ್ಡದಾದ ಓದುಪೆಟ್ಟಿಗೆ. ಅದನ್ನು ನಡೆಸುವವಳು ಗುಲಾಬಿ. ಆಗರದಲ್ಲೇ ಹುಟ್ಟಿ ಬೆಳೆದು, ಕಾರವಾರದಲ್ಲಿ ಲ್ಯಾಬ್ ಕೆಲಸ ಕಲಿತು ಬಂದವಳು.

ಹಳೆಯ ಕಂಪನಿ ಮುಳುಗಿದ ಮೇಲೆ ಆಗರವನ್ನು ಅದರಲ್ಲಿ ದುಡಿದವರಿಗೇ ಹಂಚಬೇಕು ಎಂದು ಕಾಯಿದೆ ಬಂದಿತ್ತು. ದುಡಿದವರು ಯಾರು ಅನ್ನುವುದೇ ತಕರಾರು. ಕಂಪನಿಯ ಕಾಗದಗಳಲ್ಲಿ ಸತ್ತವರು ಬದುಕಿದ್ದರು, ಬದುಕಿದ್ದವರು ಇರಲೇ ಇಲ್ಲ. ಆಗ ಬಂದದ್ದು ಈ ಪೆಟ್ಟಿಗೆ. ಅಂಟುಪಟ್ಟಿಯೊಂದನ್ನು ಚರ್ಮಕ್ಕೆ ಒತ್ತಿ ಕಿತ್ತರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಅದಕ್ಕೆ ಬರುತ್ತದೆ. ಆ ಪದರದಲ್ಲಿ ಯಾವ ಜೀನು ಮಾತಾಡುತ್ತಿದೆ, ಯಾವುದು ಬಾಯಿ ಮುಚ್ಚಿಕೊಂಡಿದೆ ಎಂದು ಪೆಟ್ಟಿಗೆ ಓದುತ್ತದೆ. ವಯಸ್ಸಾದರೆ ಮೈಯ ಚರ್ಮವೆಲ್ಲ ಒಂದೇ ಸಮನೆ ಸುಸ್ತಾಗುತ್ತದೆ, ಎಣ್ಣೆ ಪಸೆ ಕಟ್ಟುವ ಜೀನುಗಳು ತಣ್ಣಗಾಗುತ್ತವೆ. ಬಿಸಿಲು ತಿಂದ ಜಾಗದಲ್ಲಿ ಆಗುವುದೇ ಬೇರೆ. ಚರ್ಮವನ್ನು ಬಿಗಿಯಾಗಿ ಹಿಡಿದ ನಾರನ್ನು ಕತ್ತರಿಸುವ ಜೀನುಗಳು ಎದ್ದು ಕೂತು, ವರ್ಷಗಟ್ಟಲೆ ಮಲಗುವುದೇ ಇಲ್ಲ. ಹಾಗಾಗಿ ಮುಂಗೈಯಿಂದ ಒಂದು ಪಟ್ಟಿ, ಬಟ್ಟೆಯೊಳಗಿನ ಬೆನ್ನಿನಿಂದ ಇನ್ನೊಂದು. ಕೈಯಿಂದ ಬೆನ್ನನ್ನು ಕಳೆದರೆ ಉಳಿಯುವುದು ಬಿಸಿಲು. ಎಷ್ಟು ಬಿಸಿಲೋ ಅಷ್ಟು ದುಡಿಮೆ.

ಮೊದಲ ಸುತ್ತಿನಲ್ಲಿ ಗುಲಾಬಿಯ ತಾಯಿ ಹೊನ್ನಿಯ ಪಟ್ಟಿಗಳನ್ನು ಓದಿದಾಗ ಪೆಟ್ಟಿಗೆ ಹೇಳಿತ್ತು: ಕೈಗೂ ಬೆನ್ನಿಗೂ ಏನೂ ವ್ಯತ್ಯಾಸವಿಲ್ಲ, ಇವಳು ಮುದುಕಿ ಅಷ್ಟೆ, ಬಿಸಿಲು ಕಂಡವಳಲ್ಲ.

ಅವಳೊಬ್ಬಳದೇ ಅಲ್ಲ, ಅವಳ ಓರಗೆಯ ಹೆಂಗಸರೆಲ್ಲರ ಫಲಿತಾಂಶ ಹಾಗೇ ಬಂದಿತ್ತು. ಅನುಮಾನ ಬಂದ ಕಡೆ ಕಂಪನಿಯ ಹಳೇ ಮೇಸ್ತ್ರಿಯನ್ನು ಕೇಳಬೇಕೆಂದು ನಿಯಮ. ಮೇಸ್ತ್ರಿ ಪದ್ಮಾಕರ ಕುರ್ಚಿಯ ಮೇಲೆ ಕೂತು, ಒಬ್ಬೊಬ್ಬರ ಹೆಸರಿಗೂ "ಹೌದು, ದುಡಿದಿದ್ದಾಳೆ" ಎನ್ನುತ್ತ ಬಂದ. ಹೊನ್ನಿಯ ಹೆಸರು ಬಂದಾಗ, "ಹೊನ್ನಿಯಾ? ಅವಳು ಕೊಟ್ಟಿಗೆ ನೆರಳಲ್ಲಿ ಗೋಣಿ ಹೊಲೀತಿದ್ದವಳು. ಪಾತಿಗೆ ಇಳಿದದ್ದು ನಾ ಕಾಣಲಿಲ್ಲ" ಅಂದ.

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅದು ಕೊಡೆಯ ಸೇಡು ಎಂದು. ಹಿಂದೊಮ್ಮೆ ನಡು ಬೇಸಿಗೆಯಲ್ಲಿ ಬಸುರಿಯೊಬ್ಬಳು ಪಾತಿಯಲ್ಲೇ ತಲೆ ತಿರುಗಿ ಬಿದ್ದಿದ್ದಳು. ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಪದ್ಮಾಕರನನ್ನು ಹೊನ್ನಿ ಕೊಡೆ ಕೇಳಿದಳು. "ನನ್ನ ತಲೆ ಯಾರು ಕಾಯ್ತಾರೆ?" ಅಂದ. ಹೊನ್ನಿ ಒಡ್ಡು ಹತ್ತಿ ಅವನ ಕೈಯಿಂದ ಕೊಡೆ ಕಸಿದುಕೊಂಡು ಹೋಗಿ, ಬಿದ್ದವಳಿಗೆ ಎಚ್ಚರ ಬರುವ ತನಕ ಹಿಡಿದು ನಿಂತಳು. ಬರಿತಲೆಯಲ್ಲಿ ನಿಂತ ಮೇಸ್ತ್ರಿಯನ್ನು ನೋಡಿ ಆಗರಕ್ಕೆ ಆಗರವೇ ನಕ್ಕಿತ್ತು. ಆ ನಗುವನ್ನು ಅವನು ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ.

ಅವನ ಮಾತು ದಾಖಲಾಯಿತು. ಎಲ್ಲರಿಗೂ ಪಾತಿ ಸಿಕ್ಕಿತು, ಹೊನ್ನಿಗೆ ಇಲ್ಲ. ಹೊಳೆಬಾಯಿಯ ದೊಡ್ಡ ಪಾತಿ, ಅವಳು ಜೀವಮಾನವೆಲ್ಲ ಗೋರಿದ್ದು, ಯಾರದೂ ಆಗದೆ ಉಳಿಯಿತು. ಊರ ಹುಡುಗರು ಅವಳನ್ನು ನೆರಳಿನ ಹೊನ್ನಿ ಎಂದು ಕರೆಯತೊಡಗಿದರು. ಕುಚೋದ್ಯಕ್ಕೆ ಕರೆದದ್ದು ಅಂಟಿಕೊಂಡಿತು. ಮಳೆಗಾಲ ಬರುವ ಮೊದಲೇ ಅವಳು ಸತ್ತಳು. ಕೊನೆಗೆ ಮಾತು ನಿಂತಾಗಲೂ ಬಲಗೈಯನ್ನು ಗುಲಾಬಿಯ ಎದುರು ಹಿಡಿದು ತೋರಿಸುತ್ತಿದ್ದಳು. ಕಾಣು, ಇದು ನೆರಳಿನ ಕೈಯಾ ಎಂದು ಕೇಳುವಂತೆ.

ಗುಲಾಬಿ ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಅದಾದ ಮೇಲೆ. ತಾಯಿ ಕೂತಿದ್ದಳು ಎಂದು ಮೇಸ್ತ್ರಿ ಹೇಳಿದ ಅದೇ ಕೊಟ್ಟಿಗೆಯ ನೆರಳಲ್ಲಿ ಈಗ ಅವಳು ಕೂತಿದ್ದಳು.

* * *

ಪೆಟ್ಟಿಗೆ ಯಾಕೆ ತಪ್ಪಿತು ಅನ್ನುವುದು ಅವಳಿಗೆ ಹೊಳೆದದ್ದು ಬಚ್ಚಲಲ್ಲಿ.

ಹೊನ್ನಿಯ ತಂಗಿ ದುರ್ಗಿ ಗುಲಾಬಿಯ ಜೊತೆಗೇ ಇದ್ದಳು. ಈಗಲೂ ದಿನಾ ಆಗರಕ್ಕೆ ಹೋಗುವವಳು, ನಾಲಿಗೆ ಅಂಕೆಯಲ್ಲಿ ಇಲ್ಲದವಳು. ಒಂದು ಭಾನುವಾರ ಅವಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಗುಲಾಬಿಯ ಕೈ ನಿಂತುಹೋಯಿತು.

"ಎಂತಾಯ್ತೇ? ಎಣ್ಣೆ ಮುಗೀತಾ?"

"ಚಿಕ್ಕಿ, ನಿನ್ನ ಬೆನ್ನು ನಿನ್ನ ಕೈಯ ಹಾಗೇ ಉಂಟಲ್ಲ. ಅದೇ ಕಪ್ಪು, ಅದೇ ಗೆರೆ."

"ಇನ್ನೆಂತ, ಬೆನ್ನು ಬೇರೆ ಊರಿಂದ ತಂದದ್ದಾ? ನಾವು ಕುಪ್ಪಸ ಕಂಡದ್ದು ಯಾವಾಗ! ಕೊರಳಿಗೆ ಮಣಿಸರ, ಎದೆಗೆ ಸೀರೆ ಸೆರಗು, ಬೆನ್ನು ಸೂರ್ಯನಿಗೆ. ನಾನಾದ್ರೂ ನಿನ್ನ ಮದುವೆ ಮಾತು ಬಂದ ಮೇಲೆ ತೊಟ್ಟೆ. ನಿನ್ನ ಅವ್ವಿ ಕಡೇ ತನಕ ತೊಡಲಿಲ್ಲ. ಬಗ್ಗಿ ಗೋರೆ ಎಳೆಯೋರಿಗೆ ಬಿಸಿಲು ಮೊದಲು ಬೀಳೋದು ಎಲ್ಲಿಗೆ? ಬೆನ್ನಿಗೇ ಅಲ್ದಾ?"

ಗುಲಾಬಿ ಎಣ್ಣೆಗೈಯಲ್ಲೇ ಕೂತುಬಿಟ್ಟಳು. ಪೆಟ್ಟಿಗೆ ಮಾಡಿದವರು ಅಂಗಿ ತೊಟ್ಟವರ ಮೈ ಮೇಲೆ ಅದನ್ನು ಪರೀಕ್ಷಿಸಿದ್ದರು. ಅವರ ಲೆಕ್ಕದಲ್ಲಿ ಬೆನ್ನು ಅಂದರೆ ನೆರಳು. ಬಿಸಿಲಿನಿಂದ ಬಿಸಿಲನ್ನು ಕಳೆದು ಪೆಟ್ಟಿಗೆ ಸೊನ್ನೆ ಅಂದಿತ್ತು.

ಮರುದಿನ ಫ್ರೀಜರಿನಲ್ಲಿದ್ದ ತಾಯಿಯ ಪಟ್ಟಿಗಳನ್ನು ತೆಗೆದು, ಕಳೆಯುವ ಲೆಕ್ಕ ಬಿಟ್ಟು, ಒಂದೊಂದನ್ನೇ ಬಿಡಿಯಾಗಿ ಓದಿಸಿದಳು. ಕೈಯಲ್ಲಿ ನಾರು ಕತ್ತರಿಸುವ ಜೀನುಗಳು ಕೂಗಾಡುತ್ತಿದ್ದವು. ಬೆನ್ನಿನಲ್ಲಿ ಇನ್ನೂ ಜೋರಾಗಿ. ಅವಳು ಪರದೆಯ ಮೇಲಿನ ಆ ಕೆಂಪು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ತಾಯಿಯ ಬೆನ್ನನ್ನು ಅವಳು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಜಿಲ್ಲಾ ಕೇಂದ್ರದ ಡಾಕ್ಟರ್ ಮೃದುಲಾ ವಿಡಿಯೋದಲ್ಲಿ ಬಂದರು. ನೋಡಿ ತಲೆಯಾಡಿಸಿದರು.

"ಪೆಟ್ಟಿಗೆಯ ತಪ್ಪು, ಒಪ್ತೇನೆ ಗುಲಾಬಿ. ಮುಂದಿನ ಓದಿಗೆ ಸೊಂಟದ ಕೆಳಗಿಂದ ಪಟ್ಟಿ ತೆಗೆಯೋಣ. ಆದರೆ ನಿಮ್ಮ ತಾಯಿಯ ಕೇಸು ಮುಚ್ಚಿದ್ದು ಪೆಟ್ಟಿಗೆ ಅಲ್ಲ, ಸಾಕ್ಷಿ. ಸಾಕ್ಷಿ ಹೇಳಿದವರು ಅದನ್ನ ಹಿಂತೆಗೆದುಕೊಂಡರೆ ಮಾತ್ರ ಮತ್ತೆ ತೆರೆಯೋಕೆ ಬರ್ತದೆ. ಆಗ ಪಾತಿ ನಿಮ್ಮ ಹೆಸರಿಗೆ ಬರ್ತದೆ, ತಾಯಿಯ ಹೆಸರೂ ಹಕ್ಕುದಾರರ ಪಟ್ಟಿಯಲ್ಲಿ ಸೇರ್ತದೆ."

"ಅವರು ಹಿಂತೆಗೆಯೋದಿಲ್ಲ ಮೇಡಂ."

"ಹಾಗಾದರೆ ನನ್ನ ಕೈಯಲ್ಲೂ ಏನಿಲ್ಲ."

* * *

ಪದ್ಮಾಕರ ತಾನಾಗಿಯೇ ಬಂದ. ಉಳಿದ ಪಾತಿಗಳಿಗೆ ಕೊನೆಯ ಸುತ್ತಿನ ಅರ್ಜಿ ಕರೆದಿದ್ದರು, ಹೊಳೆಬಾಯಿಯ ದೊಡ್ಡ ಪಾತಿಯೂ ಅದರಲ್ಲಿತ್ತು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಕಂಕುಳಲ್ಲಿ ಕೊಡೆ. ಎಪ್ಪತ್ತು ದಾಟಿದ್ದರೂ ಮುಖ ಸಿಪ್ಪೆ ಸುಲಿದ ಬಾಳೆಹಣ್ಣಿನ ಹಾಗಿತ್ತು.

"ನಾನೂ ಇಲ್ಲೇ ದುಡಿದವನಲ್ಲವಾ ತಂಗಿ" ಅಂದ. ಹೊನ್ನಿಯನ್ನು "ಏ" ಎಂದು ಕರೆಯುತ್ತಿದ್ದ ಬಾಯಲ್ಲಿ ತಂಗಿ ಬಂದಿತ್ತು. "ಬಿಸಿಲಲ್ಲೇ ನಿಂತು ಮುದುಕ ಆದೆ."

"ತೋಳು ಚಾಚಿ" ಅಂದಳು ಗುಲಾಬಿ.

ಪೆಟ್ಟಿಗೆ ಓದಿತು. ಕೈ, ಸೊಂಟ ಎರಡೂ ಒಂದೇ. ವಯಸ್ಸಾದ, ತಂಪಾದ, ನೆಮ್ಮದಿಯ ಚರ್ಮ.

"ಬಿಸಿಲು ಸಾಲದು" ಅಂದಳು.

"ಸಾಲದು ಅಂದರೆ?"

"ಪೆಟ್ಟಿಗೆಗೆ ನಿಮ್ಮ ಮೈಯಲ್ಲಿ ಬಿಸಿಲು ಕಾಣೋದಿಲ್ಲ. ಬೇಸಿಗೆ ಕೊನೆಗೆ ಡಾಕ್ಟರ್ ಬರ್ತಾರೆ, ಇನ್ನೊಂದು ಸಲ ಓದಲಿಕ್ಕೆ ಅವಕಾಶ ಉಂಟು."

ಪದ್ಮಾಕರ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಹೊರಗೆ ಉರಿಯುತ್ತಿದ್ದ ಆಗರವನ್ನು ನೋಡಿದ. ಅವನ ತಲೆಯಲ್ಲಿ ಏನು ಮೂಡುತ್ತಿದೆ ಎಂಬುದು ಗುಲಾಬಿಗೆ ಅವನ ಕಣ್ಣಲ್ಲೇ ಕಂಡಿತು. ಆದರೆ ಪೆಟ್ಟಿಗೆಗೆ ಹೊಸ ಬಿಸಿಲು ಬೇರೆ, ಹಳೆಯ ಬಿಸಿಲು ಬೇರೆ. ಮೊನ್ನೆ ಸುಟ್ಟ ಚರ್ಮದಲ್ಲಿ ಉರಿಯ ಜೀನುಗಳು ಗಾಬರಿಬಿದ್ದು ಓಡಾಡುತ್ತವೆ. ವರ್ಷಗಟ್ಟಲೆ ಸುಟ್ಟ ಚರ್ಮದಲ್ಲಿ ಆ ಗದ್ದಲ ಅಡಗಿ, ಸವೆತ ಒಂದು ರೂಢಿಯಾಗಿ ನಿಂತಿರುತ್ತದೆ. ಪೆಟ್ಟಿಗೆ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಇದನ್ನು ಹೇಳಲು ಒಂದು ಮಾತು ಸಾಕಿತ್ತು.

ಗುಲಾಬಿ ಪಟ್ಟಿಗಳನ್ನು ಫ್ರೀಜರಿಗೆ ಹಾಕಿ ಬಾಗಿಲು ಮುಚ್ಚಿದಳು.

* * *

ಮರುದಿನ ಬೆಳಿಗ್ಗೆ ಪದ್ಮಾಕರ ಅಂಗಿ ಬಿಚ್ಚಿ ಒಡ್ಡಿನ ಮೇಲೆ ಚಾಪೆ ಹಾಸಿ ಮಲಗಿದ. ಆಗರದಲ್ಲಿ ಕೆಲಸ ನಿಂತಿತು. ಆಮೇಲೆ ಸುದ್ದಿ ಬಾಯಿಂದ ಬಾಯಿಗೆ ಹೋಯಿತು, ನಗು ಅದರ ಹಿಂದೆಯೇ ಹೋಯಿತು.

ದುರ್ಗಿ ಗೋರೆ ಊರಿಕೊಂಡು ಅವನ ತಲೆಯ ಹತ್ತಿರ ನಿಂತಳು. "ಒಡೆಯಾ, ಒಂದೇ ಮಗ್ಗುಲು ಬೇಯ್ತಾ ಉಂಟು. ತಿರುಗಿ ಮಲಗಿ. ಹಪ್ಪಳ ಆದ್ರೂ ಎರಡೂ ಕಡೆ ಒಣಗಬೇಕಲ್ಲ."

"ನಿನ್ನ ಕೆಲಸ ನೋಡು ದುರ್ಗಿ."

"ಅದನ್ನೇ ನೋಡ್ತಿದ್ದೆ. ನೀವು ಅಡ್ಡ ಬಿದ್ದಿದ್ರಿ."

ಮಲಗಿದರೆ ನಗುತ್ತಾರೆ ಎಂದು ಅವನು ಎದ್ದು ನಿಂತ. ನಿಂತರೂ ನಕ್ಕರು. ಕೆಲವು ದಿನ ಕಳೆದ ಮೇಲೆ, ಕೆಲಸ ಮಾಡುವವನಂತೆ ಕಂಡರೆ ಡಾಕ್ಟರ ಮುಂದೆ ಹೇಳಿಕೊಳ್ಳಲೂ ಆಯಿತು ಎಂದುಕೊಂಡು, ಗೋರೆ ಕೇಳಿದ. ದುರ್ಗಿ ಎಲ್ಲಕ್ಕಿಂತ ಭಾರದ್ದನ್ನು ಆರಿಸಿ ಕೊಟ್ಟಳು. ಉಪ್ಪುನೀರು ಅವನ ಕಾಲ ಬೆರಳ ಸಂದಿಗಳನ್ನು ಸೀಳಿತು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು, ಅವುಗಳೊಳಗೆ ಉಪ್ಪು ಹೋಯಿತು. ಭುಜದ ಚರ್ಮ ಹಾವಿನ ಪೊರೆಯ ಹಾಗೆ ಎದ್ದು ಬಂತು. ಆದರೂ ಅವನು ಬರುವುದನ್ನು ಬಿಡಲಿಲ್ಲ. ಹಟವೂ ಇತ್ತು, ಆಸೆಯೂ ಇತ್ತು. ಜೀವನವೆಲ್ಲ ಬೇರೆಯವರಿಂದ ಮಾಡಿಸಿದ ಕೆಲಸ ಇಷ್ಟೊಂದು ನೋಯುತ್ತದೆ ಎಂಬ ಅಚ್ಚರಿಯೂ ಅವನ ಮುಖದಲ್ಲಿ ಇತ್ತು.

ಗುಲಾಬಿ ಕೊಟ್ಟಿಗೆಯ ಕಿಟಕಿಯಿಂದ ನೋಡುತ್ತಿದ್ದಳು. ಅವನು ಕೈ ಝಾಡಿಸಿಕೊಂಡಾಗ, ಬಗ್ಗಿದವನು ಸೊಂಟ ಹಿಡಿದು ಮೇಲೇಳಲಾಗದೆ ಹಾಗೇ ನಿಂತಾಗ, ಅವಳೊಳಗೆ ಯಾವುದೋ ಒಂದು ಬೆಚ್ಚಗೆ ಹೊರಳುತ್ತಿತ್ತು. ಚಹಾ ಆರುವುದನ್ನೂ ಮರೆತು ನೋಡುತ್ತಿದ್ದಳು. ತನಗೆ ಇದು ಹಿತವಾಗಿದೆ ಎಂಬುದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ.

ಬೇಸಿಗೆ ಏರಿದಾಗ ಪದ್ಮಾಕರನ ಹೆಂಡತಿ ಸುಮಿತ್ರಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂರಲಿಲ್ಲ, ಕಂಬ ಹಿಡಿದು ನಿಂತರು.

"ರಾತ್ರಿ ಮಲಗಲಿಕ್ಕೆ ಆಗೋದಿಲ್ಲ ಅವರಿಗೆ. ಬಾಳೆ ಎಲೆ ಮೇಲೆ ಮಲಗಿಸ್ತೇನೆ. ಚಳಿ ಜ್ವರ. ಹೋಗಬೇಡಿ ಅಂದ್ರೆ ನನಗೇ ಬೈಯ್ತಾರೆ. ನೀ ಒಂದು ಮಾತು ಹೇಳು ಗುಲಾಬಿ. ಸಾಕು ಅನ್ನು. ಇಷ್ಟು ಬಿಸಿಲು ಸಾಕು ಅನ್ನು."

"ಬಿಸಿಲಿಗೆ ಹೋಗಿ ಅಂತ ನಾ ಹೇಳಲಿಲ್ಲ ಅಮ್ಮಾ."

"ಹೋಗಬೇಡಿ ಅಂತಲೂ ಹೇಳಲಿಲ್ಲವಲ್ಲ."

ಒಳಗಿಂದ ದುರ್ಗಿ ನೀರು ತಂದುಕೊಟ್ಟಳು. ಸುಮಿತ್ರಮ್ಮ ಕುಡಿದು, ಲೋಟ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟರು.

ಅವರು ಅಂಗಳದಂಚಿನ ದಣಪೆ ದಾಟಿದ ಮೇಲೆ ದುರ್ಗಿ ಅಂದಳು: "ನಾನೂ ಬೇಕಷ್ಟು ನಕ್ಕೆ ಮಗಳೇ. ಈಗ ಅವನು ಗೋರೆ ಹಿಡಿಯೋದು ಕಂಡ್ರೆ ನಗು ಬರೋದಿಲ್ಲ. ಮುದುಕ ಸತ್ತಾನು."

"ಅವ್ವಿ ಸತ್ತಾಗ ಅವರ ಮನೆಯಿಂದ ಯಾರು ಬಂದಿದ್ರು?"

"ಯಾರೂ ಇಲ್ಲ."

"ಹೌದಲ್ಲ, ಮತ್ತೆ" ಅಂದು ಗುಲಾಬಿ ಅನ್ನಕ್ಕೆ ಅಕ್ಕಿ ತೊಳೆಯಲು ಹೋದಳು.

* * *

ಡಾಕ್ಟರ್ ಮೃದುಲಾ ಬಂದದ್ದು ಆಗರದ ಕೆಲಸ ಮುಗಿಯುತ್ತಿದ್ದ ಹೊತ್ತಿಗೆ. ಪಡುವಣದಲ್ಲಿ ಮೋಡ ಕಾಣತೊಡಗಿತ್ತು. ಉಪ್ಪಿನ ಗುಡ್ಡೆಗಳಿಗೆಲ್ಲ ಸೋಗೆ ಹೊದೆಸುತ್ತಿದ್ದರು. ಬಿಸಿಲು ಮಾತ್ರ ಸ್ವಲ್ಪವೂ ಇಳಿದಿರಲಿಲ್ಲ.

ಅರ್ಜಿಯ ಫೋಟೋ ನೋಡಿಯೂ ಪದ್ಮಾಕರನ ಗುರುತು ಡಾಕ್ಟರಿಗೆ ಸಿಗಲಿಲ್ಲ. ಮುಖ ಸುಟ್ಟ ಹೆಂಚಾಗಿತ್ತು, ಕಿವಿಯ ಅಂಚು ಒಣಗಿ ಬಿರಿದಿತ್ತು. ಊದಿದ ಬೆರಳುಗಳು ಮಡಚುತ್ತಿರಲಿಲ್ಲ. ಕೊಡೆಯನ್ನು ಮಾತ್ರ ಕಂಕುಳಲ್ಲಿ ಹಾಗೇ ಇಟ್ಟುಕೊಂಡಿದ್ದ. ಡಾಕ್ಟರ್ ಕೈ ತೊಳೆಯಲು ಹೊರಗೆ ಹೋದಾಗ ಅವನು ಮೇಜಿನ ಮೇಲೆ ಬಾಗಿದ.

"ತಂಗಿ, ನಿನ್ನ ಅವ್ವಿದು ಒಂದು ಬಾಕಿ ಉಂಟಲ್ಲ. ನಾ ಹಿಂದೆ ಹೇಳಿದ್ದು. ಅದನ್ನ ಸರಿ ಮಾಡ್ತೇನೆ. ಹೊಳೆಬಾಯಿ ಪಾತಿ ನೀನೇ ಇಟ್ಕೋ. ಇನ್ನೊಂದು ಯಾವುದಾದ್ರೂ ನನಗೆ ಸಾಕು. ಪೆಟ್ಟಿಗೆ ಕೈಯಲ್ಲಿ ಸರಿಯಾಗಿ ಹೇಳಿಸು."

"ಪೆಟ್ಟಿಗೆ ಯಾರು ಹೇಳಿದ್ದೂ ಕೇಳೋದಿಲ್ಲ ಒಡೆಯಾ."

"ನೀ ಮನಸ್ಸು ಮಾಡಿದ್ರೆ ಕೇಳ್ತದೆ. ಇಷ್ಟು ದಿನ ಬೆಂದದ್ದು ನೀ ಕಾಣಲಿಲ್ಲವಾ?"

"ಕಂಡೆ. ದಿನಾ ಕಂಡೆ."

ಅದನ್ನು ಅವನು ಒಪ್ಪಿಗೆ ಎಂದು ತಿಳಿದ. ಅವಳು ತಿದ್ದಲಿಲ್ಲ.

ಡಾಕ್ಟರ್ ಬಂದು ಕೂತಾಗ ಪದ್ಮಾಕರ ಕೈಜೋಡಿಸಿ, ಹೊನ್ನಿಯ ವಿಷಯದಲ್ಲಿ ತಾನು ಹೇಳಿದ್ದು ಸುಳ್ಳು, ಅದನ್ನು ಹಿಂತೆಗೆಯುತ್ತೇನೆ ಅಂದ. ಡಾಕ್ಟರ್ ಒಮ್ಮೆ ಗುಲಾಬಿಯ ಮುಖ ನೋಡಿ, ರೆಕಾರ್ಡರ್ ಹಚ್ಚಿದರು.

"ಹಾಗಾದರೆ ನೀವು ಕಂಡದ್ದು ಏನು? ನಿಮ್ಮ ಮಾತಲ್ಲೇ ಹೇಳಿ."

ಅವನು ಬರೀ ಒಂದು ವಾಕ್ಯ ಹೇಳಿ ಮುಗಿಸಬೇಕೆಂದು ಬಾಯಿ ತೆರೆದ. ಆದರೆ ಕಣ್ಣು ಕಿಟಕಿಯಾಚೆ ಹೊಳೆಬಾಯಿಯ ಪಾತಿಯ ಮೇಲೆ ಹೋಯಿತು, ಮಾತು ತಾನಾಗಿ ಬಂತು.

"ಎಲ್ಲರಿಗಿಂತ ಮೊದಲು ಇಳಿಯೋಳು ಅವಳು. ಕುಪ್ಪಸ ಇಲ್ಲ, ಕೊರಳ ತುಂಬ ಕರಿಮಣಿ. ಬಗ್ಗಿದಳು ಅಂದ್ರೆ ಊಟದ ಹೊತ್ತಿನ ತನಕ ಬೆನ್ನು ಮೇಲೆ ಬರೋದಿಲ್ಲ. ಮಧ್ಯಾಹ್ನಕ್ಕೆ ಬೆವರು ಒಣಗಿ ಬೆನ್ನ ಮೇಲೆ ಉಪ್ಪು ಕಟ್ತಿತ್ತು ಡಾಕ್ಟ್ರೇ. ಬೆಳ್ಳಗೆ. ನಾ ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತವ. ಅಲ್ಲಿಂದ ಕಂಡ್ರೆ ಅವಳ ಬೆನ್ನೂ ಒಂದು ಪಾತಿಯ ಹಾಗೆ ಹೊಳೀತಿತ್ತು."

ಬಾಗಿಲಲ್ಲಿ ನಿಂತಿದ್ದ ದುರ್ಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಲಾಬಿ ಅವನ ಮುಖವನ್ನೇ ನೋಡಿದಳು. ತಾಯಿಯನ್ನು ಅಷ್ಟು ಚೆನ್ನಾಗಿ ನೋಡಿದ್ದವನು ಇವನೊಬ್ಬನೇ. ನೋಡಿಯೂ ಅಂದು ಹಾಗೆ ಸುಳ್ಳು ಹೇಳಿದ್ದ. ಅವಳ ಮನಸ್ಸು ಕರಗುವುದರ ಬದಲು ಇನ್ನಷ್ಟು ಗಟ್ಟಿಯಾಯಿತು.

ಡಾಕ್ಟರ್ ಹೊನ್ನಿಯ ಕೇಸನ್ನು ತೆರೆದು, ಬಿಡಿ ಓದಿನ ಫಲಿತಾಂಶವನ್ನೂ ಹೊಸ ಸಾಕ್ಷಿಯನ್ನೂ ಸೇರಿಸಿ, ಆಗರದ ಹಕ್ಕುದಾರರ ಪಟ್ಟಿಯಲ್ಲಿ ಅವಳ ಹೆಸರು ಬರೆದರು. ಹೊನ್ನಿ, ಹೊಳೆಬಾಯಿಯ ಪಾತಿ, ವಾರಸುದಾರಳು ಮಗಳು ಗುಲಾಬಿ.

"ಈಗ ನಂದು" ಅಂದ ಪದ್ಮಾಕರ, ತೋಳು ಚಾಚಿ.

ಗುಲಾಬಿ ಪಟ್ಟಿ ಒತ್ತಿ ಕಿತ್ತಳು. ಮೆಲ್ಲಗೇ ಕಿತ್ತರೂ ಸುಟ್ಟ ಚರ್ಮ ಜೊತೆಗೇ ಬಂತು, ಅವನು ಹಲ್ಲು ಕಚ್ಚಿದ. ಪೆಟ್ಟಿಗೆ ಗುಂಯ್ ಎಂದಿತು. ಪರದೆಯ ಮೇಲೆ ಗೆರೆಗಳು ಎದ್ದವು, ಹೊನ್ನಿಯ ಗೆರೆಗಳಿಗಿಂತ ಎತ್ತರಕ್ಕೆ ಎದ್ದವು. ಪದ್ಮಾಕರನ ಮುಖ ಅರಳಿತು. ಆದರೆ ಅವುಗಳ ಬಣ್ಣ ಕೆಂಪಲ್ಲ, ಹಳದಿ.

ಡಾಕ್ಟರ್ ಪರದೆ ನೋಡಿ, ಅವನ ಭುಜ ನೋಡಿ, ನಿಟ್ಟುಸಿರುಬಿಟ್ಟರು. "ಇದೆಲ್ಲ ಈ ಬೇಸಿಗೆಯ ಬಿಸಿಲು. ಹಳೆಯದು ಒಂದು ದಿನದ್ದೂ ಇಲ್ಲ." ಆಮೇಲೆ ಗುಲಾಬಿಯ ಕಡೆ ತಿರುಗಿ ಕೇಳಿದರು: "ಹೊಸ ಬಿಸಿಲು ಬೇರೆ ಕಾಣ್ತದೆ ಅಂತ ಇವರಿಗೆ ನೀವು ಹೇಳಲಿಲ್ಲವಾ?"

"ಇವರು ಕೇಳಲಿಲ್ಲ ಮೇಡಂ."

ಡಾಕ್ಟರ್ ಅವಳನ್ನು ನೋಡುತ್ತಲೇ ಇದ್ದರು. "ಆ ಕಿವಿ ನನಗೆ ಸರಿ ಕಾಣೋದಿಲ್ಲ" ಅಂದರು ಪದ್ಮಾಕರನಿಗೆ, ಮೆತ್ತಗೆ. "ನಾಳೆಯೇ ಆಸ್ಪತ್ರೆಗೆ ಬನ್ನಿ." ಅರ್ಜಿಯ ಮೇಲೆ ತಿರಸ್ಕೃತ ಎಂದು ಮುದ್ರೆ ಒತ್ತಿದರು. ಹೋಗುವಾಗ ಗುಲಾಬಿಯತ್ತ ತಿರುಗದೆ ಜೀಪು ಹತ್ತಿದರು.

* * *

ಕೊಟ್ಟಿಗೆಗೆ ಬೀಗ ಹಾಕಿ ಗುಲಾಬಿ ಒಡ್ಡಿನ ಮೇಲೆ ನಡೆದು ಬಂದಳು. ಹೊಳೆಬಾಯಿಯ ಪಾತಿಯ ಹತ್ತಿರ ಪದ್ಮಾಕರ ಕೂತಿದ್ದ. ಸುತ್ತಲೂ ಒಂದು ಗಿಡವೂ ಇಲ್ಲ. ಇಳಿಬಿಸಿಲು ನೀರಿನಿಂದೆದ್ದು ನೇರ ಅವನ ಮುಖಕ್ಕೆ ಹೊಡೆಯುತ್ತಿತ್ತು. ಕೊಡೆ ಬಿಚ್ಚಲು ನೋಡುತ್ತಿದ್ದ. ಊದಿದ ಬೆರಳಿಗೆ ಗುಂಡಿ ಒತ್ತಲು ಬರುತ್ತಿರಲಿಲ್ಲ.

ಅವಳ ನೆರಳು ಬಿದ್ದಾಗ ತಲೆಯೆತ್ತಿದ.

"ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ತೀರಿತಾ ಈಗ?"

ಗುಲಾಬಿ ಪಾತಿಯ ಕಡೆ ನೋಡಿದಳು. ಈ ಸಲ ಯಾರೂ ಗೋರದೆ ಬಿಟ್ಟ ಉಪ್ಪು ಅಂಚಿನಲ್ಲಿ ಗಟ್ಟಿಯಾಗಿತ್ತು.

"ಅವ್ವಿಯದು ಜೀವಮಾನದ ಬಿಸಿಲು ಒಡೆಯಾ. ನಿಮ್ಮದು ಒಂದು ಬೇಸಿಗೆದು."

ಅವನು ಕೊಡೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಅವಳತ್ತ ಚಾಚಿದ. ಬಿಚ್ಚಿಕೊಡು ಎಂದು ಕೇಳಲಿಲ್ಲ, ಚಾಚಿದ ಅಷ್ಟೆ.

ಗುಲಾಬಿ ಅದನ್ನು ತೆಗೆದುಕೊಂಡಳು. ಹಳೇ ಕೊಡೆ, ಮರದ ಹಿಡಿಕೆ, ತಾಯಿ ಕಸಿದುಕೊಂಡದ್ದು ಇದೇ ಇರಬಹುದು. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಹೊನ್ನಿಯಾಗಿದ್ದರೆ ಯಾರು, ಏನು ಎಂದು ಕೇಳದೆ ಬಿಚ್ಚಿ ಹಿಡಿದು ನಿಲ್ಲುತ್ತಿದ್ದಳು. ಅದು ಗುಲಾಬಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಕೊಡೆಯನ್ನು ಮುಚ್ಚಿದ್ದು ಮುಚ್ಚಿದಂತೆಯೇ ಅವನ ಮಡಿಲಲ್ಲಿ ಅಡ್ಡ ಇಟ್ಟು, ಪಾತಿಯ ಅಂಚಿನಿಂದ ಒಂದು ಹಿಡಿ ಉಪ್ಪು ಎತ್ತಿ ಸೆರಗಿಗೆ ಕಟ್ಟಿಕೊಂಡು, ಮನೆಯ ದಾರಿ ಹಿಡಿದಳು.